ಕೊಳ್ಳದವರ ಕಿಟಕಿ

1938ರ ಡಿಸೆಂಬರಿನಲ್ಲಿ ನ್ಯೂಯಾರ್ಕಿನ ಫಿಫ್ತ್ ಅವೆನ್ಯೂದಲ್ಲಿದ್ದ ‘ಲಾರ್ಡ್ ಅಂಡ್ ಟೇಲರ್’ ಎಂಬ ಡಿಪಾರ್ಟ್‌ಮೆಂಟ್ ಸ್ಟೋರ್ ಬೀದಿಗೆ ಮುಖ ಮಾಡಿದ್ದ ತನ್ನ ಗಾಜಿನ ಕಿಟಕಿಗಳಿಂದ ಮಾರುವ ಸರಕನ್ನೆಲ್ಲ ತೆಗೆದುಬಿಟ್ಟಿತು. ಕ್ರಿಸ್‌ಮಸ್ ವ್ಯಾಪಾರ ಜೋರಾಗಿ ನಡೆಯುವ ಹೊತ್ತು ಅದು. ಅಂಥ ಹೊತ್ತಿನಲ್ಲಿ ಆ ಕಿಟಕಿಗಳಲ್ಲಿ ಒಂದು ಕೋಟಿರಲಿಲ್ಲ, ಒಂದು ಟೋಪಿ ಇರಲಿಲ್ಲ, ಬೆಲೆಚೀಟಿಯಂತೂ ಇರಲೇ ಇಲ್ಲ. ಇದ್ದದ್ದು ಹೊನ್ನಿನ ಬಣ್ಣದ ಗಂಟೆಗಳು. ಅವು ಅತ್ತಿಂದಿತ್ತ ತೂಗುತ್ತಿದ್ದವು; ಮುದ್ರಿಸಿಟ್ಟ ಗಂಟೆಯ ನಾದ ಫುಟ್‌ಪಾತಿನಲ್ಲಿ ನಿಂತವರಿಗೆ ಕೇಳುತ್ತಿತ್ತು. ಜನ ನಿಂತರು, ನೋಡಿದರು, ಕೇಳಿದರು, ಮುಂದೆ ಹೋದರು.

ವ್ಯಾಪಾರದ ಚರಿತ್ರೆಯಲ್ಲಿ ಇದೊಂದು ಸಣ್ಣ ಸಂಗತಿ. ಸೌಂದರ್ಯಮೀಮಾಂಸೆಯನ್ನು ಹಿಡಿದುಕೊಂಡು ನಾಲ್ಕು ವರ್ಷಗಳಿಂದ ಪಿಎಚ್‌ಡಿ ಮಾಡುತ್ತಿರುವ ನನಗೆ ಮಾತ್ರ ಅದು ತಲೆಯಿಂದ ಇಳಿಯುತ್ತಲೇ ಇಲ್ಲ. ಮಾರುವುದಕ್ಕೆಂದೇ ಇರುವ ಅಂಗಡಿಯೊಂದು ಮಾರಾಟಕ್ಕಿಲ್ಲದ ವಸ್ತುವನ್ನು ತನ್ನ ಹಣೆಯ ಮೇಲೆ ಇಟ್ಟುಕೊಂಡರೆ ಅದನ್ನು ಏನೆಂದು ಕರೆಯಬೇಕು? ಕೊಡುಗೆ ಎನ್ನಬೇಕೋ ಗಾಳ ಎನ್ನಬೇಕೋ? ಈ ಪ್ರಶ್ನೆಯ ಬೆನ್ನಿಗೇ ಇನ್ನೊಂದು ಬರುತ್ತದೆ, ಅದು ಹೆಚ್ಚು ಚುಚ್ಚುವಂಥದ್ದು. ಕೊಳ್ಳಲಾಗದವರ ಕಣ್ಣೆದುರು ಚೆಂದದ್ದನ್ನು ತಂದಿಡುವುದು ಔದಾರ್ಯವೋ ಕ್ರೌರ್ಯವೋ?

ಹಬ್ಬಕ್ಕೆ ಒಂದು ದೃಶ್ಯ ಕಟ್ಟಿ ಹತ್ತು ಜನರಿಗೆ ತೋರಿಸುವ ಪದ್ಧತಿ ಅಂಗಡಿಗಳಿಗಿಂತ ಬಹಳ ಹಳೆಯದು. 1223ರ ಕ್ರಿಸ್‌ಮಸ್ಸಿಗೆ ಇಟಲಿಯ ಗ್ರೆಚ್ಚೊ ಎಂಬ ಊರಿನಲ್ಲಿ ಸಂತ ಫ್ರಾನ್ಸಿಸ್ ನಿಜವಾದ ಹುಲ್ಲು ಹಾಸಿ, ಜೀವಂತ ಎತ್ತು ಕತ್ತೆಗಳನ್ನು ನಿಲ್ಲಿಸಿ ಗೋದಲಿ ಕಟ್ಟಿಸಿದ. ಇಂದು ನಮ್ಮ ಚರ್ಚುಗಳಲ್ಲಿ ಡಿಸೆಂಬರ್ ಬಂತೆಂದರೆ ಕಾಣುವ ಗೋದಲಿಗಳನ್ನು ಆ ರಾತ್ರಿಯೊಂದಿಗೆ ಸೇರಿಸಿ ನೆನೆಯುವುದು ವಾಡಿಕೆ. ಗೋದಲಿ ಹೇಳುವುದು ಛತ್ರದಲ್ಲಿ ಜಾಗ ಸಿಗದ ದಂಪತಿಯ ಕಥೆಯನ್ನು, ದನಗಳ ನಡುವೆ ಮಲಗಿಸಿದ ಕೂಸಿನ ಕಥೆಯನ್ನು. ಅದರ ಮುಂದೆ ನಿಂತವರು ಕೊಳ್ಳುವಂಥದ್ದು ಅಲ್ಲಿ ಏನೂ ಇರುವುದಿಲ್ಲ. ನೋಡಿದರೆ ಮುಗಿಯಿತು.

ಅಂಗಡಿಗಳು ಇಂಥ ದೃಶ್ಯ ಕಟ್ಟಲು ತೊಡಗಿದ್ದು 19ನೇ ಶತಮಾನದಲ್ಲಿ, ದೊಡ್ಡ ದೊಡ್ಡ ಗಾಜಿನ ಹಲಗೆಗಳು ಅಂಗಡಿಗಳ ಮುಖಕ್ಕೆ ಬಂದ ಮೇಲೆ. ನ್ಯೂಯಾರ್ಕಿನ ಮೇಸೀಸ್ ಅಂಗಡಿಯ 1874ರ ಕ್ರಿಸ್‌ಮಸ್ ಕಿಟಕಿಯನ್ನು ಈ ಪರಂಪರೆಯ ಆರಂಭಗಳಲ್ಲಿ ಒಂದೆಂದು ಹೇಳುತ್ತಾರೆ. ಅದರಲ್ಲಿ ಪಿಂಗಾಣಿ ಗೊಂಬೆಗಳಿದ್ದವು, ಜೊತೆಗೆ ‘ಅಂಕಲ್ ಟಾಮ್ಸ್ ಕ್ಯಾಬಿನ್’ ಕಾದಂಬರಿಯ ದೃಶ್ಯಗಳಿದ್ದವು. ಅಮೆರಿಕದಲ್ಲಿ ಗುಲಾಮಗಿರಿ ಕಾನೂನಿನ ಪ್ರಕಾರ ಕೊನೆಗೊಂಡದ್ದು 1865ರಲ್ಲಿ. ಮನುಷ್ಯರನ್ನೇ ಸರಕಾಗಿ ಮಾರುತ್ತಿದ್ದ ಕಾಲದ ಕಥೆ ಒಂಬತ್ತೇ ವರ್ಷಗಳಲ್ಲಿ ಸರಕು ಮಾರುವ ಕಿಟಕಿಯ ಅಲಂಕಾರವಾಗಿತ್ತು. ಅದನ್ನು ನೋಡಿ ಯಾರ ಕಣ್ಣು ತೇವಗೊಂಡಿತೋ, ಯಾರು ಬರಿಯ ಗೊಂಬೆಯೆಂದು ಮೆಚ್ಚಿ ಹೋದರೋ, ಗಾಜು ಅದರ ಲೆಕ್ಕ ಇಡುವುದಿಲ್ಲ. ಕಿಟಕಿಗೆ ಏನನ್ನು ಬೇಕಾದರೂ ಚೆಂದಗಾಣಿಸುವ ಶಕ್ತಿಯಿದೆ ಎಂಬುದು ಮೊದಲಿನಿಂದಲೂ ಅದರ ಗುಣ, ಮೊದಲಿನಿಂದಲೂ ಅದರ ಅಪಾಯ.

ಈ ಶಕ್ತಿಯನ್ನು ಚೆನ್ನಾಗಿ ಅರಿತಿದ್ದವನು ಎಲ್. ಫ್ರಾಂಕ್ ಬಾಮ್. ಮಕ್ಕಳ ಕಥೆಗಾರನೆಂದು ನಮಗೆ ಗೊತ್ತಿರುವ ಈತ 1897ರಲ್ಲಿ ಷಿಕಾಗೋದಲ್ಲಿ ‘ದಿ ಷೋ ವಿಂಡೋ’ ಎಂಬ ಪತ್ರಿಕೆ ಶುರುಮಾಡಿದ. ಅಂಗಡಿ ಕಿಟಕಿಗಳನ್ನು ಅಲಂಕರಿಸುವವರಿಗೆಂದೇ ಇದ್ದ ಪತ್ರಿಕೆ ಅದು. 1900ರಲ್ಲಿ ಇದೇ ವಿಷಯದ ಮೇಲೆ ಒಂದು ಪುಸ್ತಕವನ್ನೂ ತಂದ. ಅದೇ ವರ್ಷ ಬಂದದ್ದು ‘ದಿ ವಂಡರ್‌ಫುಲ್ ವಿಝರ್ಡ್ ಆಫ್ ಆಝ್’. ಆ ಕಥೆಯ ಪಚ್ಚೆನಗರಿಯ ಹೆಬ್ಬಾಗಿಲಲ್ಲಿ ಒಳಗೆ ಹೋಗುವ ಪ್ರತಿಯೊಬ್ಬರ ಕಣ್ಣಿಗೂ ಹಸಿರು ಗಾಜಿನ ಕನ್ನಡಕ ಹಾಕಿ ಬೀಗ ಜಡಿಯುತ್ತಾರೆ. ನಗರ ಅಷ್ಟೊಂದು ಹಸಿರಾಗಿ ಕಾಣುವುದು ಆ ಗಾಜಿನ ದೆಸೆಯಿಂದ. ಹಗಲು ಕಿಟಕಿಗಳ ಬಗ್ಗೆ ಬರೆದು ರಾತ್ರಿ ಈ ಕನ್ನಡಕದ ಕಥೆ ಬರೆದನೋ ಏನೋ ಎಂದು ಊಹಿಸಿಕೊಳ್ಳುವುದು ನನಗಿಷ್ಟ. ಗಾಜು ಬಯಕೆಯನ್ನು ಹೇಗೆ ತಯಾರಿಸುತ್ತದೆಂದು ವ್ಯಾಪಾರಿಗಳಿಗೆ ಹೇಳಿಕೊಟ್ಟ ಮನುಷ್ಯನೇ ಗಾಜನ್ನು ನಂಬಬೇಡಿ ಎಂದು ಮಕ್ಕಳ ಕಿವಿಯಲ್ಲಿ ಪಿಸುಗುಟ್ಟಿದಂತಿದೆ.

ಹಾಗಾದರೆ ಕಿಟಕಿಯೆಂದರೆ ಗಾಳ ಎಂದು ತೀರ್ಮಾನಿಸಿ ಎದ್ದುಬಿಡಬಹುದೆ? ಅದು ಸುಲಭದ ಉತ್ತರ. ನಮ್ಮ ಸೆಮಿನಾರುಗಳಲ್ಲಿ ಯಾರೂ ತಕರಾರು ತೆಗೆಯದ ಉತ್ತರ. ಬಂಡವಾಳ ಹಬ್ಬವನ್ನು ನುಂಗಿತು ಎಂದರೆ ಎಲ್ಲರೂ ತಲೆಯಾಡಿಸುತ್ತಾರೆ. ಈ ಉತ್ತರದಲ್ಲಿ ನನಗೆ ಎರಡು ತೊಡಕು ಕಾಣುತ್ತವೆ.

ಮೊದಲನೆಯದು ಉದ್ದೇಶದ ಪ್ರಶ್ನೆ. ಅಂಗಡಿಯವನಿಗೆ ಲಾಭದ ಆಸೆಯಿದೆ, ಆದ್ದರಿಂದ ಅವನು ಇಟ್ಟದ್ದು ಕೊಡುಗೆಯಾಗಲಾರದು ಎಂಬುದು ವಾದ. ಈ ಅಳತೆಗೋಲು ಹಿಡಿದರೆ ಲೋಕದಲ್ಲಿ ಕೊಡುಗೆ ಎಂಬುದೇ ಉಳಿಯುವುದಿಲ್ಲ. ಫ್ರೆಂಚ್ ಸಮಾಜಶಾಸ್ತ್ರಜ್ಞ ಮಾರ್ಸೆಲ್ ಮೌಸ್ 1925ರ ತನ್ನ ಪ್ರಬಂಧದಲ್ಲಿ ತೋರಿಸಿದ್ದು ಇದನ್ನೇ. ಕೊಡುವುದು, ತೆಗೆದುಕೊಳ್ಳುವುದು, ಮರಳಿ ಕೊಡುವುದು ಈ ಮೂರೂ ಒಂದಕ್ಕೊಂದು ಹೆಣೆದುಕೊಂಡಿರುತ್ತವೆ. ಏನನ್ನೂ ಬಯಸದ ಕೊಡುಗೆಯನ್ನು ಹುಡುಕಿ ಹೊರಟರೆ ಸಿಗುವುದು ಕಷ್ಟ. ಮದುವೆಗೆ ಮುಯ್ಯಿ ಮಾಡುವ ನಮಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಯಾರು ಎಷ್ಟು ಮುಯ್ಯಿ ಮಾಡಿದರೆಂದು ಬರೆದಿಟ್ಟ ನೋಟ್‌ಬುಕ್ಕು ಎಷ್ಟೋ ಮನೆಗಳ ಬೀರುವಿನಲ್ಲಿದೆ. ಹಾಗಂತ ಮುಯ್ಯಿಯಲ್ಲಿ ಪ್ರೀತಿ ಇಲ್ಲ ಎನ್ನಲಾಗುತ್ತದೆಯೆ?

ಎರಡನೆಯದು ನೋಡುವವರ ಪ್ರಶ್ನೆ. ಗಾಳ ಎಂದವರು ನೋಡುವವರನ್ನೆಲ್ಲ ಮೀನು ಎಂದುಕೊಂಡಿರುತ್ತಾರೆ. 1790ರ ತನ್ನ ಗ್ರಂಥದಲ್ಲಿ ಕಾಂಟ್ ಹೇಳಿದ ಒಂದು ಮಾತಿನ ಸಾರ ಇಷ್ಟು: ಒಂದು ವಸ್ತು ಸುಂದರವಾಗಿದೆ ಎಂದು ನಾವು ಕಾಣುವಾಗ, ಅದು ನಮ್ಮ ಕೈಗೆ ಬರಬೇಕು, ನಮಗೆ ಉಪಯೋಗವಾಗಬೇಕು ಎಂಬ ಹಂಬಲ ಆ ಆನಂದಕ್ಕೆ ಆಧಾರವಾಗಿರುವುದಿಲ್ಲ. ಪಾಠ ಮಾಡುವಾಗ ಇದಕ್ಕೆ ಉದಾಹರಣೆಯಾಗಿ ಸೂರ್ಯಾಸ್ತವನ್ನೋ ಹೂವನ್ನೋ ಕೊಡುತ್ತಾರೆ. ಅಂಗಡಿಯ ಕಿಟಕಿ ಅದಕ್ಕಿಂತ ಕಠಿಣವಾದ ಪರೀಕ್ಷೆ, ಏಕೆಂದರೆ ಅದು ಕಾಂಟ್ ಹೇಳುವ ನೋಟವನ್ನು ಆಹ್ವಾನಿಸುತ್ತದೆ, ಆಹ್ವಾನಿಸಿದ ಮರುಗಳಿಗೆಯಲ್ಲೇ ಆ ನೋಟವನ್ನು ಕೆಡಿಸಲು ಹವಣಿಸುತ್ತದೆ. ಅಲ್ಲಿ ಗೆಲ್ಲುವವರು ಯಾರು?

ಒಂದು ಡಿಸೆಂಬರಿನಲ್ಲಿ ಸಂಶೋಧನೆಯ ಕೆಲಸಕ್ಕೆಂದು ಎರಡು ವಾರ ನ್ಯೂಯಾರ್ಕಿನಲ್ಲಿದ್ದೆ. 42ನೇ ಬೀದಿಯ ಸಾರ್ವಜನಿಕ ಗ್ರಂಥಾಲಯ ಮುಚ್ಚಿದ ಮೇಲೆ ಫಿಫ್ತ್ ಅವೆನ್ಯೂದಲ್ಲಿ ಉತ್ತರಕ್ಕೆ ನಡೆಯುವುದು ರೂಢಿಯಾಯಿತು. ಸ್ಯಾಕ್ಸ್, ಅಲ್ಲಿಂದ ಮುಂದೆ ಬರ್ಗ್‌ಡಾರ್ಫ್ ಗುಡ್‌ಮನ್. ಆ ಕಿಟಕಿಗಳ ಒಳಗಿದ್ದ ಒಂದು ಗೌನಿನ ಬೆಲೆಗೆ ನನ್ನ ಫೆಲೋಶಿಪ್ಪಿನ ಎಷ್ಟು ತಿಂಗಳು ಸೇರಿಸಬೇಕೆಂದು ಮೊದಲ ದಿನ ಲೆಕ್ಕ ಹಾಕಿದೆ, ಎರಡನೆಯ ದಿನ ಲೆಕ್ಕ ಮರೆತುಹೋಯಿತು. ಆಮೇಲೆ ನಾನು ಕಿಟಕಿಗಿಂತ ಹೆಚ್ಚಾಗಿ ಅದರ ಮುಂದೆ ನಿಂತವರನ್ನು ನೋಡತೊಡಗಿದೆ. ಅಪ್ಪನ ಹೆಗಲೇರಿದ್ದ ಒಂದು ಮಗು ಅಂಗಡಿಯ ಬಾಗಿಲಿನ ಕಡೆ ಕೈ ತೋರಲಿಲ್ಲ. ಮುಂದಿನ ಕಿಟಕಿಯ ಕಡೆ ತೋರಿತು. ನಿಂತಿದ್ದವರಲ್ಲಿ ಎಷ್ಟೋ ಜನ ಹಾಗೆಯೇ, ಕಿಟಕಿಯಿಂದ ಕಿಟಕಿಗೆ ಸರಿದು ಕೊನೆಯದಾದ ಮೇಲೆ ರಸ್ತೆ ದಾಟಿ ಹೊರಟುಬಿಡುತ್ತಿದ್ದರು. ಮಕ್ಕಳ ಮೂಗು ಹಣೆಗಳು ಗಾಜಿಗೆ ಒತ್ತಿ ಆದ ಗುರುತುಗಳನ್ನು ಕೆಲಸದವನೊಬ್ಬ ಬಟ್ಟೆಯಿಂದ ಒರೆಸುತ್ತಿದ್ದ, ಒರೆಸಿದ ಐದು ನಿಮಿಷಕ್ಕೆ ಮತ್ತೆ ಗುರುತು. ಆಚೆ, ಗೋಡೆಗೆ ಒರಗಿ ರಟ್ಟಿನ ಮೇಲೆ ಕೂತಿದ್ದ ಮನುಷ್ಯನೊಬ್ಬ ಕಿಟಕಿಗೆ ಬೆನ್ನು ಹಾಕಿದ್ದ. ಅವನ ಮುಂದಿದ್ದ ಲೋಟದೊಳಗೆ ಕಿಟಕಿಯ ಬೆಳಕೇ ಬೀಳುತ್ತಿತ್ತು.

ಆ ಮಗು, ಈ ಮನುಷ್ಯ. ಇಬ್ಬರನ್ನೂ ಒಟ್ಟಿಗೆ ಇಟ್ಟುಕೊಳ್ಳದ ಯಾವ ಉತ್ತರವೂ ನನಗೆ ಬೇಡವೆನ್ನಿಸಿತು.

ಹ್ಯಾನ್ಸ್ ಕ್ರಿಶ್ಚಿಯನ್ ಆಂಡರ್ಸನ್ನನ ಬೆಂಕಿಕಡ್ಡಿ ಮಾರುವ ಹುಡುಗಿಯ ಕಥೆ ಬಂದದ್ದು 1845ರಲ್ಲಿ. ವರ್ಷದ ಕೊನೆಯ ರಾತ್ರಿ ಚಳಿಯಲ್ಲಿ ಹೆಪ್ಪುಗಟ್ಟುತ್ತಿರುವ ಹುಡುಗಿ ಒಂದೊಂದೇ ಕಡ್ಡಿ ಗೀರುತ್ತಾಳೆ. ಒಂದು ಬೆಳಕಿನಲ್ಲಿ ಅವಳಿಗೆ ಕ್ರಿಸ್‌ಮಸ್ ಮರ ಕಾಣುತ್ತದೆ. ಶ್ರೀಮಂತ ವರ್ತಕನೊಬ್ಬನ ಮನೆಯ ಗಾಜಿನ ಬಾಗಿಲಿನ ಮೂಲಕ ಅವಳು ನೋಡಿದ್ದ ಮರಕ್ಕಿಂತಲೂ ಅದು ದೊಡ್ಡದು. ಈ ಕಥೆಯನ್ನು ಓದಿದಾಗಲೆಲ್ಲ ನಾವು ಗಾಜಿನ ಮೇಲೆ ಸಿಟ್ಟಾಗುತ್ತೇವೆ. ಆದರೆ ಹುಡುಗಿಯನ್ನು ಕೊಂದದ್ದು ಚಳಿ, ಹಸಿವು, ತೆರೆಯದ ಬಾಗಿಲುಗಳು. ಕಂಡ ಮರ ಅವಳನ್ನು ಕೊಲ್ಲಲಿಲ್ಲ. ಅವಳ ಕೊನೆಯ ಗಳಿಗೆಗಳಲ್ಲಿ ಅವಳದಾಗಿ ಉಳಿದದ್ದು ಅದೊಂದೇ. ಇದನ್ನು ಹೇಳುವಾಗ ನಾಲಿಗೆ ತಡವರಿಸುತ್ತದೆ, ಏಕೆಂದರೆ ಇದೇ ಮಾತನ್ನು ಆ ವರ್ತಕ ಹೇಳಿದರೆ ಅಸಹ್ಯವಾಗುತ್ತದೆ. ಕಣ್ಣಿಗಾದರೂ ಸಿಕ್ಕಿತಲ್ಲ ಎಂದು ಹೊಟ್ಟೆ ತುಂಬಿದವನು ಹಸಿದವಳಿಗೆ ಹೇಳುವ ಹಾಗಿಲ್ಲ.

ಇಲ್ಲಿಗೆ ಬಂದಾಗ 1938ರ ಗಂಟೆಗಳು ನನ್ನ ನೆರವಿಗೆ ಬರುತ್ತವೆ. ಚಳಿಯಲ್ಲಿ ನಡುಗುತ್ತಿರುವವನ ಮುಂದೆ, ಗಾಜಿನ ಆಚೆ, ಉಣ್ಣೆಯ ಕೋಟನ್ನು ತೂಗುಹಾಕುವುದು ಒಂದು ಬಗೆ. ಗಂಟೆಯನ್ನು ತೂಗುಹಾಕುವುದು ಇನ್ನೊಂದು ಬಗೆ. ಕೋಟು ತೊಟ್ಟಾಗ ಮಾತ್ರ ಕೋಟು. ಅದನ್ನು ನೋಡಿದ್ದರಿಂದ ಮೈ ಬೆಚ್ಚಗಾಗುವುದಿಲ್ಲ, ಇಲ್ಲದ್ದರ ನೆನಪು ಇನ್ನಷ್ಟು ಹರಿತವಾಗುತ್ತದೆ. ಗಂಟೆಯ ಸಂಗತಿ ಹಾಗಲ್ಲ. ಅದನ್ನು ಕೇಳಿದವನಿಗೆ ಅದು ಪೂರ್ತಿಯಾಗಿ ಸಿಕ್ಕಿತು. ಮನೆಗೆ ಒಯ್ದವನಿಗೆ ಅದಕ್ಕಿಂತ ಹೆಚ್ಚೇನೂ ಸಿಗುವುದಿಲ್ಲ. ಕೊಡುವವನ ಮನಸ್ಸಿನಲ್ಲಿ ಏನಿತ್ತೆಂದು ಅಗೆದು ನೋಡುವ ಬದಲು ಪಡೆಯುವವನ ಕಡೆಯಿಂದ ಒಂದು ಪ್ರಶ್ನೆ ಕೇಳಬಹುದು: ಇದು ನೋಡಿದರೆ ಪೂರ್ಣವಾಗುತ್ತದೆಯೋ, ಕೊಂಡರೆ ಮಾತ್ರ ಪೂರ್ಣವಾಗುತ್ತದೆಯೋ? ಮೊದಲನೆಯದಾದರೆ ಕೊಳ್ಳಲಾಗದವನಿಗೆ ಅದು ಕೊಡುಗೆ. ಎರಡನೆಯದಾದರೆ ಅವನ ಪಾಲಿಗೆ ಅದು ಅಣಕ.

ಜಾಣರು ತಟ್ಟನೆ ಕೇಳುತ್ತಾರೆ: ಗಂಟೆ ಇಟ್ಟ ಅಂಗಡಿ ಕೋಟನ್ನೇ ಅಲ್ಲವೆ ಮಾರುತ್ತಿದ್ದುದು? ಗಂಟೆ ನೋಡಿ ಮನಸ್ಸು ಕರಗಿದವನು ಒಳಗೆ ಹೋಗಿ ಕೋಟು ಕೊಳ್ಳಲಿ ಎಂಬುದೇ ಅಲ್ಲವೆ ಹಂಚಿಕೆ? ನಿಜ. ಬೆಲೆಚೀಟಿ ಹಚ್ಚಿ ಕೂತ ಸಂತೆಯ ವ್ಯಾಪಾರಿ ಒಂದು ಅರ್ಥದಲ್ಲಿ ಹೆಚ್ಚು ನೇರ. ಆದರೆ ಈ ಹಂಚಿಕೆ ತಟ್ಟುವುದು ಯಾರಿಗೆ ಎಂಬುದನ್ನು ಗಮನಿಸಿ. ಜೇಬಿನಲ್ಲಿ ದುಡ್ಡಿದ್ದವನಿಗೆ. ಅವನಿಗೆ ಗಂಟೆ ಬಾಗಿಲಿಗೆ ಹೋಗುವ ದಾರಿ. ದುಡ್ಡಿಲ್ಲದವನಿಗೆ ಗಂಟೆ ಗಂಟೆಯೇ. ಒಂದೇ ಕಿಟಕಿ ಇಬ್ಬರಿಗೆ ಎರಡಾಗಿ ಕಾಣುತ್ತದೆ. ಇಬ್ಬರಲ್ಲಿ ಅದನ್ನು ಶುದ್ಧವಾಗಿ ನೋಡುವವನು ಕೊಳ್ಳಲಾಗದವನು. ಬಡತನವನ್ನು ಹೊಗಳಲು ಈ ಮಾತು ಹೇಳುತ್ತಿಲ್ಲ. ರಟ್ಟಿನ ಮೇಲೆ ಕೂತವನಿಗೆ ಬೇಕಾದದ್ದು ಸೂರು ಮತ್ತು ಊಟ, ಯಾವ ಗಂಟೆಯೂ ಆ ಸಾಲವನ್ನು ತೀರಿಸುವುದಿಲ್ಲ. ಆದರೆ ಅವನಿಗೆ ಸೂರು ಊಟ ಬೇಕು ಎಂದಮಾತ್ರಕ್ಕೆ ಗಂಟೆ ಬೇಡ ಎಂದು ಅವನ ಪರವಾಗಿ ತೀರ್ಮಾನಿಸುವ ಹಕ್ಕೂ ನಮಗಿಲ್ಲ.

ಈ ಮಾತನ್ನು ಇಷ್ಟು ಧೈರ್ಯವಾಗಿ ಬರೆಯುತ್ತಿರುವುದು ಪುಸ್ತಕಗಳ ಬಲದಿಂದಲ್ಲ, ಅಮ್ಮನ ಬಲದಿಂದ. ನಮ್ಮದು ಮೈಸೂರು ಸೀಮೆ. ನವರಾತ್ರಿಯಲ್ಲಿ ಗೊಂಬೆ ಕೂರಿಸಿದ ಮನೆಗಳಿಗೆ ಸಂಜೆ ಮಕ್ಕಳು ಹೋಗುವುದು, ಗೊಂಬೆ ನೋಡಿ ಚರ್ಪು ಈಸಿಕೊಂಡು ಬರುವುದು ಇಲ್ಲಿಯ ವಾಡಿಕೆ. ಅಮ್ಮ ಚಿಕ್ಕವಳಿದ್ದಾಗ ಅವಳ ಊರಿನ ಒಂದು ದೊಡ್ಡ ಮನೆಯಲ್ಲಿ ಒಂಬತ್ತು ಮೆಟ್ಟಿಲಿನ ಗೊಂಬೆ ಕೂರಿಸುತ್ತಿದ್ದರಂತೆ. ಅವಳ ಕೇರಿಯ ಮಕ್ಕಳು ಹೊಸ್ತಿಲು ದಾಟುವಂತಿರಲಿಲ್ಲ. ಅಂಗಳದಲ್ಲಿ ನಿಂತು, ತೆರೆದ ಕಿಟಕಿಯ ಸರಳು ಹಿಡಿದು ನೋಡಬೇಕಿತ್ತು. ಚರ್ಪು ಮೇಲಿನಿಂದ ಕೈಗೆ ಬೀಳುತ್ತಿತ್ತು. ಇದನ್ನು ಅಮ್ಮ ಎಷ್ಟು ಸಲ ಹೇಳಿದ್ದಾಳೋ ಅಷ್ಟೂ ಸಲ ಶುರುಮಾಡುವುದು ಒಂದೇ ಮಾತಿನಿಂದ: “ಆ ಗೊಂಬೆಗಳು ಅದೆಷ್ಟು ಚೆಂದ ಇದ್ದೋ ಗೊತ್ತೇನೇ?” ಪಟ್ಟದ ಗೊಂಬೆಯ ಸೀರೆಯ ಬಣ್ಣ, ಶೆಟ್ಟರ ಅಂಗಡಿಯ ಗೊಂಬೆಯ ಮುಂದಿದ್ದ ಪುಟ್ಟ ಪುಟ್ಟ ಕಾಳಿನ ಗುಪ್ಪೆಗಳು, ಎಲ್ಲ ಹೇಳಿ ಆದಮೇಲೆ ಹೊಸ್ತಿಲಿನ ಸಂಗತಿ ಬರುತ್ತದೆ. ಆಗ ದನಿ ಬದಲಾಗುತ್ತದೆ. ಅರವತ್ತರ ಹತ್ತಿರ ಬಂದ ಹೆಂಗಸಿನೊಳಗೆ ಆ ಚೆಂದವೂ ಹಾಗೇ ಇದೆ, ಆ ಅವಮಾನವೂ ಹಾಗೇ ಇದೆ. ಒಂದು ಇನ್ನೊಂದನ್ನು ಅಳಿಸಿಲ್ಲ.

ಅದಕ್ಕೇ ನ್ಯೂಯಾರ್ಕಿನ ಗಾಜು ನನಗೆ ಬೇರೆಯದೇ ರೀತಿಯಲ್ಲಿ ಕಂಡಿತು. ನನ್ನ ಸಹಪಾಠಿಗಳಿಗೆ ಆ ಗಾಜು ಬೇಲಿಯಂತೆ ಕಾಣಬಹುದು. ನನಗೆ ಅಲ್ಲಿ ಯಾರೂ ನೀನು ಯಾವ ಕೇರಿಯವಳು ಎಂದು ಕೇಳಲಿಲ್ಲ ಎಂಬುದೇ ಮೊದಲು ಹೊಳೆಯಿತು. ಬಟ್ಟೆ ಕೊಳೆಯಾಗಿರಲಿ, ಚಪ್ಪಲಿ ಹರಿದಿರಲಿ, ಫುಟ್‌ಪಾತಿನ ಮೇಲೆ ಎಲ್ಲರೂ ಗಾಜಿನಿಂದ ಒಂದೇ ದೂರ. ಬೀದಿಯಲ್ಲಿ ನಿಂತು ನೋಡುವವರನ್ನು ಒಳಗೆ ಕರೆಯುವ ಉಪಚಾರ ಅಲ್ಲಿಲ್ಲ, ಹೊರಗೆ ನಿಲ್ಲು ಎನ್ನುವ ಮಾತೂ ಇಲ್ಲ. ಮಾರುಕಟ್ಟೆ ಯಾರಿಗೂ ಪ್ರೀತಿ ತೋರುವುದಿಲ್ಲ. ಕೆಲವು ಸಲ, ಕೆಲವರಿಗೆ, ಪ್ರೀತಿಯಿಲ್ಲದ ಆ ಸಮಾನತೆಯೂ ಒಂದು ಬಿಡುಗಡೆ. ಬಾಗಿಲು ದಾಟಿದ ಮೇಲೆ ಆ ಸಮಾನತೆ ಎಷ್ಟು ಹೆಜ್ಜೆ ಉಳಿಯುತ್ತದೆ ಎಂಬುದು ಬೇರೆ ಮಾತು.

ಹಾಗೆಂದು ಈ ಗಾಜಿಗೆ ಕೈಮುಗಿದು ಸುಮ್ಮನಾಗಲಾರೆ. ಅದರ ದೊಡ್ಡ ಕೊರತೆ ಬೇರೊಂದು ಕಡೆಯಿದೆ. ಲಾರ್ಡ್ ಅಂಡ್ ಟೇಲರ್‌ನ ಆ ಕಟ್ಟಡ ತೆರೆದದ್ದು 1914ರಲ್ಲಿ. ಅಲ್ಲಿಯ ಕಿಟಕಿಗಳ ನೆಲವೇ ಲಿಫ್ಟಿನಂತೆ ಇಳಿಯುತ್ತಿತ್ತು. ಕೆಳಗಿನ ನೆಲಮಾಳಿಗೆಯಲ್ಲಿ ದೃಶ್ಯ ಕಟ್ಟಿ ಪೂರ್ತಿಯಾದ ಮೇಲೆ ಬೀದಿಯ ಮಟ್ಟಕ್ಕೆ ಏರಿಸುತ್ತಿದ್ದರು. ಎಷ್ಟೋ ಕುಟುಂಬಗಳಿಗೆ ಆ ಕಿಟಕಿಗಳನ್ನು ನೋಡುವುದೇ ಹಬ್ಬವಾಗಿತ್ತು. 2018ರ ಹೊತ್ತಿಗೆ ಕಟ್ಟಡವನ್ನು ಮಾರುವ ಒಪ್ಪಂದವಾಗಿತ್ತು. ಆ ವರ್ಷದ ಕ್ರಿಸ್‌ಮಸ್ಸಿಗೆ ಕಿಟಕಿಗಳಲ್ಲಿ ದೃಶ್ಯ ಬರಲಿಲ್ಲ, ಅಂಗಡಿ ಮುಚ್ಚುತ್ತಿದೆ ಎಂಬ ಫಲಕಗಳಿದ್ದವು. 2019ರ ಜನವರಿಯ ಆರಂಭದಲ್ಲಿ ಬಾಗಿಲೂ ಮುಚ್ಚಿತು. 2024ರಲ್ಲಿ ಸ್ಯಾಕ್ಸ್ ಕೂಡ ತನ್ನ ಕಟ್ಟಡದ ಮುಂಭಾಗದಲ್ಲಿ ವರ್ಷವೂ ನಡೆಸುತ್ತಿದ್ದ ದೊಡ್ಡ ಬೆಳಕಿನ ಪ್ರದರ್ಶನವನ್ನು ಕೈಬಿಟ್ಟಿತು. ಜನ ಬೇಜಾರು ಮಾಡಿಕೊಂಡರು. ಅದಕ್ಕಿಂತ ಹೆಚ್ಚು ಏನು ಮಾಡಲಿಕ್ಕಾಗುತ್ತದೆ? ಕೊಡುಗೆಯನ್ನು ಬೇಡಬಹುದು, ಕೇಳಿ ಪಡೆಯುವ ಹಕ್ಕಿಲ್ಲ.

ಮೈಸೂರಿನ ಅರಮನೆಗೆ ದಸರೆಯಲ್ಲಿ ಸುಮಾರು ಒಂದು ಲಕ್ಷ ಬಲ್ಬು ಹೊತ್ತುತ್ತದೆ. ಗೇಟಿನ ಹೊರಗೆ ನಿಂತವರಿಗೂ ಅದು ಕಾಣುತ್ತದೆ, ಕಡಲೆಕಾಯಿ ಮಾರುವವನಿಗೂ ಕಾಣುತ್ತದೆ. ಒಂದು ಸಂಜೆ ಅದು ಹೊತ್ತದಿದ್ದರೆ ಯಾಕೆ ಹೊತ್ತಲಿಲ್ಲ ಎಂದು ಜಗಳಕ್ಕೆ ನಿಲ್ಲುವವರು ನಮ್ಮೂರಿನಲ್ಲಿ ಬೇಕಾದಷ್ಟಿದ್ದಾರೆ. ಆ ಜಗಳ ಕಾಯುವ ಹಕ್ಕೇ ಎರಡರ ನಡುವಿನ ವ್ಯತ್ಯಾಸ. ಹಬ್ಬದ ಬೆಳಕು ಊರಿನದಾದರೆ ಅದು ನಮಗೆ ಸಲ್ಲಬೇಕಾದದ್ದು. ಅಂಗಡಿಯದಾದರೆ, ಎಷ್ಟೇ ಚೆಂದವಿರಲಿ, ಅದು ಅಂಗಡಿಯ ಲೆಕ್ಕಪುಸ್ತಕದ ಒಂದು ಸಾಲು. ಯಾವ ವರ್ಷ ಬೇಕಾದರೂ ಹೊಡೆದುಹಾಕಬಹುದಾದ ಸಾಲು. ಹಬ್ಬದ ಚೆಲುವನ್ನು ಪೂರ್ತಿಯಾಗಿ ವ್ಯಾಪಾರಿಗಳ ಸುಪರ್ದಿಗೆ ಬಿಟ್ಟ ನಗರ ತನ್ನ ಬಡವರ ಏಕೈಕ ಹಬ್ಬವನ್ನೂ ಅವರ ಸುಪರ್ದಿಗೆ ಬಿಟ್ಟಿರುತ್ತದೆ.

ಜನರಿಗೆ ಇದು ಒಳಗೊಳಗೇ ಗೊತ್ತು. ಮೆಲ್ಬರ್ನಿನ ಬರ್ಕ್ ಸ್ಟ್ರೀಟಿನಲ್ಲಿ ಮೈಯರ್ ಅಂಗಡಿಯ ಕ್ರಿಸ್‌ಮಸ್ ಕಿಟಕಿಗಳು 1956ರಿಂದ ಬರುತ್ತಿವೆ. ಮಕ್ಕಳ ಪುಸ್ತಕಗಳ ಕಥೆಗಳು ಅಲ್ಲಿ ಗೊಂಬೆಗಳಾಗಿ ಚಲಿಸುತ್ತವೆ. 2024ರ ನವೆಂಬರಿನಲ್ಲಿ ಗಾಜಾ ಯುದ್ಧವನ್ನು ವಿರೋಧಿಸುವವರು ಆ ಕಿಟಕಿಗಳ ಅನಾವರಣದ ದಿನ ಅಲ್ಲಿ ಪ್ರತಿಭಟನೆಗೆ ಸಿದ್ಧರಾದರು, ಸಮಾರಂಭ ರದ್ದಾಯಿತು. ಮಕ್ಕಳ ಖುಷಿಗೆ ಅಡ್ಡ ಬರಬಾರದಿತ್ತು ಎಂದರು ಕೆಲವರು. ಸಾಯುತ್ತಿರುವವರೂ ಮಕ್ಕಳೇ ಎಂದರು ಇನ್ನು ಕೆಲವರು. ಇವರಲ್ಲಿ ಯಾರು ಸರಿ ಎಂದು ತೀರ್ಪು ಕೊಡುವುದು ಈ ಬರಹದ ಕೆಲಸವಲ್ಲ. ನನ್ನ ಗಮನ ಸೆಳೆದದ್ದು ಒಂದು ಸಣ್ಣ ಅಂಶ. ಎರಡೂ ಕಡೆಯವರು ಅದನ್ನು ಖಾಸಗಿ ಅಂಗಡಿಯೊಂದರ ಜಾಹೀರಾತು ಎಂದು ಭಾವಿಸಿರಲಿಲ್ಲ. ಊರಿನ ಚಾವಡಿಯ ಬಗ್ಗೆ ವಾದಿಸುವಂತೆ ವಾದಿಸಿದರು. ಅಷ್ಟು ವರ್ಷ ಒಟ್ಟಿಗೆ ನಿಂತು ನೋಡಿದ್ದರಿಂದ ಆ ಜಾಗ ಕಾಗದಪತ್ರದಲ್ಲಿ ಅಲ್ಲದಿದ್ದರೂ ಮನಸ್ಸಿನಲ್ಲಿ ಎಲ್ಲರದೂ ಆಗಿಬಿಟ್ಟಿತ್ತು.

ಆದ್ದರಿಂದ ನನ್ನ ಉತ್ತರ ಎರಡು ಭಾಗದ್ದು. ಕೊಳ್ಳಲಾಗದವರ ಮುಂದೆ ಚೆಂದದ್ದನ್ನು ಇಡುವುದು ತನ್ನಷ್ಟಕ್ಕೆ ಕ್ರೌರ್ಯವಲ್ಲ. ನೋಡಿದರೇ ಪೂರ್ತಿಯಾಗುವಂಥದ್ದನ್ನು ಇಟ್ಟರೆ, ಇಟ್ಟವರ ಲೆಕ್ಕಾಚಾರ ಏನೇ ಇರಲಿ, ಅದನ್ನು ಕೊಡುಗೆಯೆಂದೇ ತೆಗೆದುಕೊಳ್ಳಬಹುದು, ಋಣದ ಭಾರವಿಲ್ಲದೆ. ಅಂಗಡಿಗೆ ನಾವು ಏನನ್ನೂ ಕೊಡಬೇಕಾಗಿಲ್ಲ. ಕ್ರೌರ್ಯ ಶುರುವಾಗುವುದು ಆ ಕೊಡುಗೆಯನ್ನು ತೋರಿಸಿ, ಸಲ್ಲಬೇಕಾದದ್ದೂ ಸಂದಿತು ಎಂದು ನಂಬಿಸಿದಾಗ. ಕಿಟಕಿಯಲ್ಲಿ ಬೆಳಕಿದೆ, ಆದ್ದರಿಂದ ಬೀದಿಯಲ್ಲಿ ಬೇರೆ ದೀಪ ಬೇಕಿಲ್ಲ. ಮಗು ನಗುತ್ತಿದೆ, ಆದ್ದರಿಂದ ರಟ್ಟಿನ ಮೇಲೆ ಕೂತವನನ್ನು ಈ ಒಂದು ತಿಂಗಳು ನೋಡಬೇಕಿಲ್ಲ ಎಂಬ ಆ ಲೆಕ್ಕದಲ್ಲಿ.

ಇದನ್ನು ಬರೆಯುವ ಮೊದಲು ಅಮ್ಮನಿಗೆ ಫೋನ್ ಮಾಡಿ, ಆ ಮನೆಯವರು ಅಂಗಳಕ್ಕೂ ಬಿಡದೆ ಕಿಟಕಿ ಮುಚ್ಚಿಬಿಟ್ಟಿದ್ದರೆ ಒಳ್ಳೆಯದಿತ್ತೇ ಎಂದು ಕೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ಮುಚ್ಚೋದ್ಯಾಕೆ? ಬಾಗ್ಲು ತೆಗೀಬೇಕಿತ್ತು” ಅಂದಳು.